ಯಾರ ಮಹಾಲಕ್ಷ್ಮಿ ಬಂದದ್ದು?

ಕಡಿಯಾಳಿ, ಉಡುಪಿ
೧೮ ಜೂನ್ ೨೦೦೫

ಅಶ್ವಿನಿ,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನೀನು ಕ್ಷೇಮವಾಗಿಯೇ ಇದ್ದೀಯ ಎಂದು ಗೊತ್ತು. ನನ್ನ ಟೆಸ್ಟಿನ ಮೇಲೆ ಓರೆಗೆರೆ ಎಳೆದು ಮುಚ್ಚಿಬಿಡುವಷ್ಟು ಪುರುಸೊತ್ತು ನಿನಗೆ ಸಿಕ್ಕಿದೆಯಲ್ಲ!

ಊಹಿಸಿ ಹೇಳುತ್ತಿಲ್ಲ. ಇವತ್ತು ಬೆಳಿಗ್ಗೆ ಮಣಿಪಾಲದ ಆಫೀಸಿಗೆ ಹೋಗಿ, ಕೋಡ್ ಬರೆಯುವ ಎಕ್ಲಿಪ್ಸ್ ತೆರೆದು, ಎಲ್ಲ ಟೆಸ್ಟುಗಳನ್ನೂ ಒಮ್ಮೆ ಓಡಿಸಿದೆ. ಈ ತುದಿಯಿಂದ ಆ ತುದಿಯವರೆಗೆ ಹಸಿರು ಗೆರೆ, ಎಲ್ಲ ಪಾಸು. ನಿನ್ನೆ ಸಂಜೆ ಕೆಂಪಾಗಿದ್ದದ್ದು ಇವತ್ತು ಹಸಿರಾಗಬೇಕಾದರೆ ಯಾರೋ ಕೋಡ್ ಸರಿ ಮಾಡಿರಬೇಕು ಎಂದುಕೊಂಡು ಖುಷಿಯಿಂದ ನೋಡಿದೆ. ಕೋಡ್ ಇದ್ದ ಹಾಗೆಯೇ ಇದೆ, ಟೆಸ್ಟೇ ಓಡುತ್ತಿಲ್ಲ. ಕಂಪ್ಯೂಟರ್ ಓದದೆ ದಾಟಿಹೋಗಲೆಂದು ಪ್ರತಿ ಸಾಲಿನ ಮುಂದೆ ಎರಡೆರಡು ಓರೆಗೆರೆ, ಪಕ್ಕದಲ್ಲಿ ತಿದ್ದಿದವರ ಹೆಸರು. ನಿಟ್ಟೆಯಲ್ಲಿ ಕುಳಿತು ಹೊಸಬರಿಗೆ ಜಾವಾ ಕಲಿಸು ಎಂದು ಕಂಪನಿ ನಿನ್ನನ್ನು ಕಳಿಸಿದರೆ, ನೀನು ಅಲ್ಲಿಂದಲೇ ಕೈ ಚಾಚಿ ನನ್ನ ಬಾಯಿ ಮುಚ್ಚುತ್ತಿದ್ದೀಯ.

ಇ-ಮೇಲ್ ಮಾಡಬಹುದಿತ್ತು. ಆಫೀಸಿನ ಮೇಲ್ ಎಲ್ಲ ಹೆರಾಲ್ಡ್ ಸರ್ ಓದುತ್ತಾರೆ. ಫೋನ್ ಮಾಡಬಹುದಿತ್ತು. ನಾನು ಬಾಡಿಗೆಗಿರುವ ಮನೆಯ ಫೋನು ಲೊರ್ನಾ ಬಾಯಿಯ ಹಾಲ್‌ನಲ್ಲಿದೆ, ನಾನು ಕಿರುಚಿದರೆ ದೇವಸ್ಥಾನದವರೆಗೂ ಕೇಳುತ್ತದೆ. ಅದಕ್ಕೇ ಈ ಇನ್‌ಲ್ಯಾಂಡ್.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಯಾಕೆಂದರೆ ನೀನು ಮರೆತಿದ್ದೀಯ. ನಾವು ಕಾಪುವಿನ ಬೋಟಿನವರ ಸಂಘಕ್ಕೆ ಮಾಡಿಕೊಡುತ್ತಿರುವುದು ಒಂದು ಪಟ್ಟಿ. ಯಾವ ಬೋಟು ಕಡಲಿಗೆ ಹೋಯಿತು, ಯಾವುದು ಬಂತು, ಯಾವುದು ಬರಲಿಲ್ಲ. ಬಾರದ ಬೋಟನ್ನು ಹುಡುಕಲು ಜನ ಕಳಿಸುವುದು ಆ ಪಟ್ಟಿ ನೋಡಿ. ನನ್ನ ಟೆಸ್ಟ್ ಕೇಳುವುದು ಇಷ್ಟೇ: ‘ಶ್ರೀ ಮಹಾಲಕ್ಷ್ಮಿ’ ಎಂಬ ಹೆಸರಿನ ಎರಡು ಬೋಟು ಹೋದವು. ಒಂದು ವಾಪಸು ಬಂತು. ಇನ್ನೊಂದು ಕಡಲಲ್ಲೇ ಇದೆಯೋ? ನಿನ್ನ ಕೋಡ್ ಹೇಳುತ್ತದೆ, ಇಲ್ಲ.

ತಪ್ಪು ಎಲ್ಲಿದೆ ಎಂದು ಡಿಬಗ್ ಮಾಡಿ ನೋಡಿದ್ದೇನೆ. ಎರಡನೆಯ ಬೋಟು ಹೊರಡುವ ಸಾಲಿನ ಪಕ್ಕ ನೀಲಿ ಚುಕ್ಕೆ ಇಟ್ಟು ಪ್ರೋಗ್ರಾಮನ್ನು ಅಲ್ಲಿ ನಿಲ್ಲಿಸಿದೆ. ಒಂದು ಸಾಲು ಮುಂದೆ ಹೋಗಿ, ಬದಿಯ ಕಿಟಕಿಯಲ್ಲಿ ಪಟ್ಟಿಯನ್ನು ಬಿಡಿಸಿದರೆ ಒಳಗೆ ಒಂದೇ ಬೋಟು! ಮತ್ತೆ ಮೊದಲಿನಿಂದ ಓಡಿಸಿ, ಈ ಸಲ ಎಫ್ ಫೈವ್ ಒತ್ತಿ ಒಳಗೇ ಇಳಿದೆ. ಇಳಿದದ್ದು ನೇರವಾಗಿ ನಿನ್ನ ಈಕ್ವಲ್ಸ್‌ಗೆ. ಎರಡು ಬೋಟು ಒಂದೇ ಹೌದೋ ಅಲ್ಲವೋ ಎಂದು ತೀರ್ಮಾನ ಮಾಡುವ ಆ ಜಾಗದಲ್ಲಿ ನೀನು ಹೆಸರನ್ನು ಮಾತ್ರ ನೋಡಿದ್ದೀಯ. ಹೆಸರು ಒಂದೇ ಆದರೆ ಬೋಟೂ ಒಂದೇ. ಎರಡನೆಯ ಮಹಾಲಕ್ಷ್ಮಿ ಪಟ್ಟಿಗೆ ಸೇರುವುದೇ ಇಲ್ಲ, ಮೊದಲನೆಯದು ಬಂದ ಕೂಡಲೇ ಎಲ್ಲರೂ ಬಂದರು ಎಂದಾಗುತ್ತದೆ.

ಉಚ್ಚಿಲದ ಮಹಾಲಕ್ಷ್ಮಿ ಅಮ್ಮನ ಹೆಸರು ಹೊತ್ತ ಬೋಟು ನಮ್ಮ ಕಡೆ ಎಷ್ಟಿವೆ ಎಂದು ನೀನು ನನ್ನನ್ನು ಕೇಳಬಹುದಿತ್ತು. ಎರಡು ವರ್ಷ ಒಂದೇ ಹಾಸ್ಟೆಲ್ ಕೋಣೆಯಲ್ಲಿ ಮಲಗಿದ್ದೆವಲ್ಲ.

ಆ ಗೆರೆಗಳನ್ನು ಸೋಮವಾರ ನಾನೇ ತೆಗೆಯುತ್ತೇನೆ. ಮೊದಲೇ ಹೇಳಿರಲಿಲ್ಲ ಎನ್ನಬೇಡ.

ಸಿಟ್ಟಿನಲ್ಲೇ ಇರುವ,
ತೃಪ್ತಿ


ನಿಟ್ಟೆ
೨೬ ಜೂನ್ ೨೦೦೫

ತೃಪ್ತಿ,

ನಿನ್ನ ಪತ್ರ ಓದಿದೆ. ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ, ಆಗಲೂ ಸಿಟ್ಟು ಬಂತು. ಈಗ ನನ್ನ ಸರದಿ.

ಹೌದು, ಗೆರೆ ಎಳೆದವಳು ನಾನೇ. ಹೆರಾಲ್ಡ್ ಸರ್ ಫೋನ್ ಮಾಡಿ, “ಅಶ್ವಿನಿ, ಸಂಘದವರು ಆಫೀಸಿಗೆ ಬರ್ತಾರೆ, ಅವರ ಎದುರು ಕೆಂಪು ಕಾಣ್ಲಿಕ್ಕಿಲ್ಲ,” ಎಂದರು. ಹೇಳಿದ್ದನ್ನು ಮಾಡಿದೆ. ಬೋಟನ್ನು ಹೆಸರಿನಿಂದ ಗುರುತಿಸಬೇಕು ಎಂದು ಬರೆದುಕೊಟ್ಟವರು ಸಂಘದವರೇ. ಪ್ರತಿ ಬೋಟಿಗೂ ಹೆಸರುಂಟೋ ಎಂದು ಸರ್ ಕೇಳಿದ್ದಾರೆ, ಉಂಟು ಎಂದು ಅವರು ಹೇಳಿದ್ದಾರೆ. ಒಂದೇ ಹೆಸರು ಹತ್ತು ಬೋಟಿಗೆ ಇರುತ್ತದೆ ಎಂದು ಅಷ್ಟು ಜನರಲ್ಲಿ ಒಬ್ಬರ ಬಾಯಲ್ಲೂ ಬರಲಿಲ್ಲ. ಬಯಲುಸೀಮೆಯಿಂದ ಬಂದ ನನಗೆ ಅದು ಕನಸಿನಲ್ಲಿ ಹೊಳೆಯಬೇಕಿತ್ತೇ?

ಈಗ ಅದನ್ನು ಬದಲಿಸಿದರೆ ಎಲ್ಲ ಸ್ಕ್ರೀನುಗಳೂ ಬದಲಾಗಬೇಕು. ಸಮುದ್ರ ಪೂಜೆ ಮುಗಿದು ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಕೊಡಬೇಕಾದ ಕೆಲಸ ಇದು. ಈ ತೊಂದರೆ ಎರಡನೆಯ ಹಂತದಲ್ಲಿ ನೋಡೋಣ ಎಂದು ಸರ್ ಹೇಳಿದ್ದಾರೆ.

ಒಂದು ಮಾತು ಕೇಳುತ್ತೇನೆ, ಮುಚ್ಚುಮರೆ ಇಲ್ಲದೆ ಹೇಳು. ನನ್ನ ಕೋಡಿನಲ್ಲಿ ತಪ್ಪು ಕಂಡಾಗ ನೀನು ನನಗೆ ಮೊದಲು ಹೇಳಲಿಲ್ಲ. ಟೆಸ್ಟ್ ಬರೆದೆ, ಎಲ್ಲರೂ ನೋಡುವ ಜಾಗದಲ್ಲಿ ಇಟ್ಟೆ, ಕೆಂಪು ಮಾಡಿ ತೋರಿಸಿದೆ. ಕಟ್ಟಡ ಕೆಲಸದವರ ಮಗಳು ಟೀಮ್ ಲೀಡರ್ ಆದದ್ದು ನಿನಗೂ ಸಹಿಸಲಾಗಲಿಲ್ಲವೇ? ಉಳಿದವರು ಹಾಗೆ ಅಂದುಕೊಂಡರೆ ನನಗೇನೂ ಅನ್ನಿಸುವುದಿಲ್ಲ. ನೀನು ಅಂದುಕೊಂಡರೆ ಅನ್ನಿಸುತ್ತದೆ.

ಮಣಿಪಾಲದ ಎಷ್ಟು ಕಟ್ಟಡಗಳಿಗೆ ನನ್ನ ಅಪ್ಪ ಕಲ್ಲಯ್ಯ ಗಾರೆ ಹಾಕಿದ್ದಾನೆ, ನಿನಗೆ ಗೊತ್ತು. ಅವುಗಳಲ್ಲಿ ಒಂದರೊಳಗೆ ನಾನು ಕೆಲಸಕ್ಕೆಂದು ಚಪ್ಪಲಿ ಹಾಕಿಕೊಂಡು ನಡೆದು ಹೋದ ದಿನ ಅಪ್ಪ ಸೈಟಿನವರಿಗೆಲ್ಲ ಚಹಾ ಕುಡಿಸಿದ. ಅವ್ವ ಹನುಮವ್ವ ಈಗಲೂ ಸಿಕ್ಕಾಗೆಲ್ಲ ಹೇಳುವುದು ಒಂದೇ: “ಸರ ಹೇಳಿದಂಗ ಕೇಳವಾ, ಎದುರ ಮಾತಾಡಬ್ಯಾಡ.” ನಿನಗೆ ಕೆಲಸ ಹೋದರೆ ಉಚ್ಚಿಲದಲ್ಲಿ ಒಂದು ಮನೆ ಇದೆ. ನನಗೆ ಇರುವುದು ಸೈಟಿನ ಶೆಡ್ಡು, ಅದೂ ಕಟ್ಟಡ ಮುಗಿಯುವ ತನಕ.

ಗೆರೆ ತೆಗೆಯುತ್ತೀಯೋ, ತೆಗೆ. ನಾನು ಮತ್ತೆ ಹಾಕುತ್ತೇನೆ.

ನಿನ್ನ ಟೀಮ್ ಲೀಡರ್,
ಅಶ್ವಿನಿ


ಕಡಿಯಾಳಿ
೧೦ ಜುಲೈ ೨೦೦೫

ಅಶ್ವಿನಿ,

‘ಟೀಮ್ ಲೀಡರ್’ ಎಂದು ಸಹಿ ಮಾಡಿದ್ದು ನೋಡಿ ನಗು ಬಂತು. ಆಮೇಲೆ ಬೇಜಾರಾಯಿತು. ನಿನಗೆ ಮೊದಲು ಹೇಳದೆ ಟೆಸ್ಟ್ ಹಾಕಿದ್ದು ಹೌದು. ನಾನು ದಿನಕ್ಕೆ ಇಪ್ಪತ್ತು ಟೆಸ್ಟ್ ಬರೆಯುತ್ತೇನೆ ಮಾರಾಯ್ತಿ, ಯಾವುದಕ್ಕೂ ಯಾರನ್ನೂ ಕೇಳುವುದಿಲ್ಲ. ನಿನ್ನನ್ನು ಹಿಡಿದು ಹಾಕಲು ಬರೆದದ್ದಲ್ಲ. ನಿನ್ನ ಅಪ್ಪನ ವಿಷಯ ನೀನು ನನ್ನ ಹತ್ತಿರ ಎತ್ತಬಾರದಿತ್ತು. ಅವರು ಕೊಟ್ಟ ಖಡಕ್ ರೊಟ್ಟಿ ತಿಂದು ನಾನು ಪರೀಕ್ಷೆ ಬರೆದದ್ದು ನಿನಗೂ ನೆನಪಿದೆ.

ಗೆರೆ ತೆಗೆದೆ. ಕೆಂಪಾಯಿತು. ಹೆರಾಲ್ಡ್ ಸರ್ ಕ್ಯಾಬಿನ್‌ಗೆ ಕರೆದರು.

“ತೃಪ್ತಿ, ಫೇಲ್ ಆಗುವುದು ನಿನ್ನ ಟೆಸ್ಟ್. ನಮ್ಮ ಸಾಫ್ಟ್‌ವೇರ್ ಅಲ್ಲ. ಟೆಸ್ಟ್ ಸರಿ ಮಾಡು.”

“ಟೆಸ್ಟ್ ಸರಿಯಾಗಿಯೇ ಉಂಟು ಸರ್. ಅದಕ್ಕೇ ಫೇಲ್ ಆಗುವುದು.”

“ಕೆಂಪು ಕಂಡ್ರೆ ಸಂಘದವರು ಹೆದರ್ತಾರೆ. ಅವರಿಗೆ ಟೆಸ್ಟ್ ಅಂದ್ರೆ ಎಂತ ಗೊತ್ತುಂಟು?”

“ಹೆದರಲಿ ಸರ್. ಹೆದರಬೇಕಾದದ್ದೇ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟವರೆಂದು ನಾನು ಹೇಳುವುದಿಲ್ಲ. ಕಂಪನಿಗೆ ಇದು ಮೊದಲ ದೊಡ್ಡ ಕೆಲಸ, ಅವರಿಗೆ ಅದು ಹೇಗಾದರೂ ದಾಟಬೇಕು. ಆದರೆ ದಾಟಬೇಕಾದವರು ಬೇರೆಯವರೂ ಇದ್ದಾರಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಮಳೆಗಾಲ, ಕಡಲಿಗೆ ರಜೆ, ಅಪ್ಪ ಜಗಲಿಯಲ್ಲಿ ಕುಳಿತು ಬಲೆ ಸರಿ ಮಾಡುತ್ತಿದ್ದರು. ನಿನಗೆ ಗೊತ್ತಿರುವಂತೆ ಅವರು ಒಂದು ಮಹಾಲಕ್ಷ್ಮಿಯ ತಂಡೇಲ, ಬೋಟು ನಡೆಸುವುದು ಅವರೇ. ವಯರ್‌ಲೆಸ್‌ನಲ್ಲಿ ಯಾವ ಮಹಾಲಕ್ಷ್ಮಿ ಎಂದು ದಡದವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಬಲೆಯಿಂದ ತಲೆ ಎತ್ತದೆಯೇ, “ನಂಬರೆಲ್ಲ ಯಾರು ಹೇಳ್ತಾರೆ? ‘ಮಹಾಲಕ್ಷ್ಮಿ’ ಅಂತ ಕರೆದ್ರೆ ಸಾಕು, ನನ್ನ ಸ್ವರ ಕೇಳಿದ್ರೆ ಎಲ್ಲರಿಗೂ ಗೊತ್ತಾಗ್ತದೆ, ಇದು ಬೂಬಣ್ಣ ಅಂತ,” ಎಂದರು. ಅದಕ್ಕೇ ಸಂಘದವರು ನಮಗೆ ಹೇಳಲಿಲ್ಲ, ಅಶ್ವಿನಿ. ಮುಚ್ಚಿಟ್ಟದ್ದಲ್ಲ. ಅವರಿಗೆ ಸ್ವರ ಕೇಳುತ್ತದೆ. ಕಂಪ್ಯೂಟರಿಗೂ ಕೇಳುತ್ತದೆ ಎಂದುಕೊಂಡಿದ್ದಾರೆ.

ಅಪ್ಪ ಹಾಗೆ ಹೇಳಿದಾಗ ಅಮ್ಮ ಎದ್ದು ಒಳಗೆ ಹೋದಳು. ಯಾಕೆ ಹೋದಳೆಂದು ನನಗೆ ಗೊತ್ತು. ಹಾಸ್ಟೆಲ್‌ನಲ್ಲಿ ನಿನಗೆ ಎಷ್ಟೋ ಕಥೆ ಹೇಳಿದ್ದೇನೆ, ಇದನ್ನು ಹೇಳಿರಲಿಲ್ಲ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಮ್ಮೆ ಗಾಳಿ ಎದ್ದಿತು. ಬೋಟುಗಳೆಲ್ಲ ಓಡಿ ಬರುತ್ತಿದ್ದವು. ‘ಮಹಾಲಕ್ಷ್ಮಿ ಮಲ್ಪೆಗೆ ಬಂತು’ ಎಂದು ಸುದ್ದಿ ಬಂತು. ಅಂದು ಗಾಳಿಯ ಗದ್ದಲದಲ್ಲಿ ಸ್ವರ ಯಾರಿಗೂ ಸರಿಯಾಗಿ ಕೇಳಿರಲಿಲ್ಲ. ಅಮ್ಮ ದಡದಿಂದ ಎದ್ದು ಮನೆಗೆ ಬಂದಳು. ಸ್ನಾನ ಮಾಡಿ, ಬಂಗುಡೆ ಸಾರು ಮಾಡಿ, ಅಪ್ಪನಿಗೆ ಎಂದು ತೆಗೆದಿಟ್ಟು, ನಮಗೆ ಬಡಿಸಿದಳು. ಏನೋ ಹಾಡು ಗುನುಗುತ್ತಿದ್ದಳು. ಬಂದದ್ದು ಬೇರೆ ಮಹಾಲಕ್ಷ್ಮಿ. ಅಪ್ಪನ ಬೋಟಿನ ಎಂಜಿನ್ ನಿಂತು ಅವರು ಉತ್ತರಕ್ಕೆ ತೇಲುತ್ತಿದ್ದರು. ಅವರು ಬಂದಾಯಿತೆಂದು ಎಲ್ಲರೂ ತಿಳಿದಿದ್ದರಿಂದ ಹುಡುಕಲು ಒಬ್ಬರೂ ಹೋಗಲಿಲ್ಲ. ಕೊನೆಗೆ ಭಟ್ಕಳದ ಹತ್ತಿರ ಯಾರದೋ ಕಣ್ಣಿಗೆ ಬಿದ್ದು ಅಪ್ಪ ಬದುಕಿದರು. ಜೊತೆಗಿದ್ದ ಒಬ್ಬರು ಬದುಕಲಿಲ್ಲ.

ಅಂದು ಹಾಡು ಗುನುಗಿದ್ದಕ್ಕೆ ಅಮ್ಮ ಇವತ್ತಿಗೂ ತನ್ನನ್ನು ಕ್ಷಮಿಸಿಲ್ಲ. ಅವಳ ತಪ್ಪೇನು ಇತ್ತು? ನನಗೆ ನೆನೆದರೆ ಮೈ ಉರಿಯುತ್ತದೆ.

ಸಂಘಕ್ಕೆ ಪಟ್ಟಿ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂದಾಗ ನಾನು ಎಷ್ಟು ಸಂತೋಷಪಟ್ಟಿದ್ದೆ ಎಂದು ಈಗಲಾದರೂ ಗೊತ್ತಾಯಿತೇ? ಅದೇ ತಪ್ಪನ್ನು ಕಂಪ್ಯೂಟರಿಗೆ ಕಲಿಸಿ, ಹಸಿರು ಗೆರೆ ತೋರಿಸಿ, ಅಮ್ಮನನ್ನು ಇನ್ನೊಮ್ಮೆ ಮನೆಗೆ ಕಳಿಸುವುದಕ್ಕೆ ನಾನು ಕೈ ಜೋಡಿಸುವುದಿಲ್ಲ. ಎರಡನೆಯ ಹಂತ ಬರುವವರೆಗೆ ಅಪ್ಪ ಒಂದನೆಯ ಹಂತದಲ್ಲಿ ಕಡಲಿಗೆ ಹೋಗಬೇಕಲ್ಲ.

ಟೆಸ್ಟ್ ಕೆಂಪಾಗಿಯೇ ಇರುತ್ತದೆ. ನಿನ್ನ ಈಕ್ವಲ್ಸ್ ನೀನೇ ಸರಿ ಮಾಡು. ಬೇರೆಯವರು ಮಾಡಿದರೆ ನನಗೆ ಅಷ್ಟು ಸಂತೋಷವಾಗುವುದಿಲ್ಲ.

ನಿನ್ನ ಉತ್ತರಕ್ಕೆ ಕಾಯುವ,
ತೃಪ್ತಿ


ಕಡಿಯಾಳಿ
೩೦ ಜುಲೈ ೨೦೦೫

ಅಶ್ವಿನಿ,

ನೀನು ಉತ್ತರ ಬರೆಯಲಿಲ್ಲ. ಟೆಸ್ಟಿನಲ್ಲೇ ಬರೆದಿದ್ದೀಯ.

ನಿನ್ನೆ ಬೆಳಿಗ್ಗೆ ಎಲ್ಲ ಹಸಿರು. ಓರೆಗೆರೆ ಎಲ್ಲೂ ಇಲ್ಲ, ನನ್ನ ಟೆಸ್ಟ್ ಓಡುತ್ತಿದೆ, ಪಾಸಾಗುತ್ತಿದೆ. ಅರ್ಧ ನಿಮಿಷ ನಿನ್ನನ್ನು ಕೊಂಡಾಡಿದೆ. ಲೊರ್ನಾ ಬಾಯಿಗೆ ಹೇಳಿ ನಿನ್ನನ್ನು ಊಟಕ್ಕೆ ಕರೆಯಬೇಕು ಎಂದೂ ಅಂದುಕೊಂಡೆ. ಆಮೇಲೆ ಕೊನೆಯ ಸಾಲು ನೋಡಿದೆ. ಎರಡನೆಯ ಬೋಟು ಕಡಲಲ್ಲಿದೆ ಎಂಬುದು ‘ನಿಜ’ವಾಗಿರಬೇಕು ಎಂದು ನಾನು ಬರೆದ ಜಾಗದಲ್ಲಿ, ಅದು ‘ಸುಳ್ಳು’ ಆಗಿರಬೇಕು ಎಂದು ಯಾರೋ ತಿದ್ದಿದ್ದಾರೆ. ಅಸರ್ಟ್ ಟ್ರೂ ಇದ್ದದ್ದು ಅಸರ್ಟ್ ಫಾಲ್ಸ್. ಪಕ್ಕದಲ್ಲಿ ನಿನ್ನದೇ ಹೆಸರು.

ಮುಚ್ಚಿದ್ದರೆ ಮುಚ್ಚಿದ್ದಾಳೆ ಎಂದು ಸುಮ್ಮನಿರಬಹುದಿತ್ತು. ಈಗ ನನ್ನ ಟೆಸ್ಟೇ ಎದ್ದು ನಿಂತು, ಬೂಬಣ್ಣ ಮನೆಗೆ ಬಂದಾಯಿತು ಎಂದು ಪ್ರಮಾಣ ಮಾಡುತ್ತಿದೆ. ಅಮ್ಮನ ವಿಷಯವನ್ನು ಯಾರಿಗೂ ಹೇಳದೆ ನಿನಗೆ ಬರೆದಿದ್ದೆ. ಅದನ್ನು ಓದಿದ ಮೇಲೆಯೂ ನಿನ್ನ ಕೈ ಓಡಿತಲ್ಲ.

ಹೆರಾಲ್ಡ್ ಸರ್ ಟೇಬಲ್ಲಿನ ಮೇಲೆ ರಾಜೀನಾಮೆ ಇಟ್ಟು ಬಂದೆ. ಅವರು, “ಸ್ವಲ್ಪ ಯೋಚನೆ ಮಾಡು ಮಾರಾಯ್ತಿ,” ಎಂದರು. ಯೋಚನೆ ಮಾಡಿಯೇ ಬಂದಿದ್ದೇನೆ ಎಂದೆ. ಮೆಟ್ಟಿಲು ಇಳಿದೆ.

ಇನ್ನು ನನಗೆ ಬರೆಯಬೇಡ.

ತೃಪ್ತಿ


ಮಣಿಪಾಲ, ಅಪ್ಪನ ಶೆಡ್ಡು
೧೬ ಆಗಸ್ಟ್ ೨೦೦೫

ತೃಪ್ತಿ,

ಬರೆಯಬೇಡ ಎಂದಿದ್ದೀಯ. ಬರೆಯುತ್ತೇನೆ. ಹರಿದು ಹಾಕುವುದಾದರೆ ಓದಿ ಹರಿ, ಒಳಗೆ ಕೆಲಸದ ಹಾಳೆ ಇದೆ.

ಆ ಒಂದು ಪದ ತಿದ್ದುವಾಗ ಹೆರಾಲ್ಡ್ ಸರ್ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಅದಕ್ಕೇ ಕಾರ್ಕಳದ ಬಸ್ಸು ಹಿಡಿದು ನಿಟ್ಟೆಗೆ ಬಂದಿದ್ದರು. “ಗೆರೆ ಹಾಕಿದ್ರೆ ಅವಳು ತೆಗಿತಾಳೆ. ಟೆಸ್ಟ್ ಓಡ್ಲಿ, ಪಾಸೂ ಆಗ್ಲಿ,” ಎಂದರು. ತಿದ್ದಿದೆ. ಅವರು ನಿಂತಿದ್ದರು ಎಂದು ಹೇಳಿ ನಾನು ಜಾರಿಕೊಳ್ಳುವುದಿಲ್ಲ. ಬೆರಳು ನನ್ನದು. ನಿನ್ನ ಅಮ್ಮನ ವಿಷಯ ಬರೆದಿದ್ದ ಪತ್ರ ಆಗ ನನ್ನ ಬ್ಯಾಗಿನಲ್ಲೇ ಇತ್ತು. ಅಲ್ಲಿಂದೀಚೆಗೆ ಊಟ ಸೇರಲಿಲ್ಲ.

ಮೊನ್ನೆ ಭಾನುವಾರ ಕಾಪುವಿನಲ್ಲಿ ಸಂಘದ ಹಾಲ್‌ನಲ್ಲಿ ಪಟ್ಟಿ ತೋರಿಸುವ ಕಾರ್ಯಕ್ರಮ ಇತ್ತು. ತೋರಿಸುವವಳು ನಾನು. ಸಂಘದವರು ಕೊಂಡ ಹೊಸ ಕಂಪ್ಯೂಟರಿಗೆ ಪ್ರೋಗ್ರಾಮು, ಕೋಡು, ಎಕ್ಲಿಪ್ಸು ಎಲ್ಲ ಹಾಕಿ ಜೋಡಿಸಿದ್ದೆ. ಪರದೆ ದೊಡ್ಡದಾಗಿ ಗೋಡೆಯ ಮೇಲೆ ಬೀಳುತ್ತಿತ್ತು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ಚಾಪೆಯಲ್ಲಿ. ನಿನ್ನ ಅಮ್ಮ ಮುಂದಿನ ಸಾಲಿನಲ್ಲಿದ್ದರು. ನನ್ನನ್ನು ನೋಡಿ ಎದ್ದು ಬಂದು ಕೆನ್ನೆ ಸವರಿ, “ಎಂತ ಇಷ್ಟು ಬಡಕಲಾಗಿದ್ದಿ?” ಎಂದರು. ನೀನು ಕೆಲಸ ಬಿಟ್ಟದ್ದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: “ಇದರಲ್ಲಿ ನಮ್ಮವರು ಬಂದದ್ದು, ಬಾರದ್ದು ಸರಿಯಾಗಿ ಗೊತ್ತಾಗ್ತದಾ ಮಗಾ?”

ನನಗೆ ಹೌದು ಎನ್ನಲು ಬಾಯಿ ಬರಲಿಲ್ಲ, ತೃಪ್ತಿ. ಎಷ್ಟು ಸುಲಭದ ಮಾತು, ತಲೆ ಆಡಿಸಿದರೂ ಸಾಕಿತ್ತು. ಆಗಲಿಲ್ಲ.

ಹೆರಾಲ್ಡ್ ಸರ್ ಭಾಷಣ ಮಾಡುತ್ತಿರುವಾಗಲೇ ನಾನು ಎಕ್ಲಿಪ್ಸ್ ತೆರೆದೆ. ನಿನ್ನ ಪದವನ್ನು ವಾಪಸು ಹಾಕಿ ಟೆಸ್ಟ್ ಓಡಿಸಿದೆ. ಗೋಡೆಯ ಉದ್ದಕ್ಕೂ ಕೆಂಪು. ಭಾಷಣ ನಿಂತಿತು. ಸಂಘದ ಕಾರ್ಯದರ್ಶಿ ರೊಸಾರಿಯೊ ಅವರು, “ಅದೆಂತ ಕೆಂಪು?” ಎಂದು ಕೇಳಿದರು.

ಎದ್ದು ನಿಂತು ಹೇಳಿದೆ. “ಎರಡು ಮಹಾಲಕ್ಷ್ಮಿ ಕಡಲಿಗೆ ಹೋದವು. ಒಂದು ಬಂತು. ಎರಡೂ ಬಂದವು ಅಂತ ಈ ಕಂಪ್ಯೂಟರ್ ಹೇಳುತ್ತದೆ. ಇದನ್ನು ಬರೆದವಳು ನಾನು. ತಪ್ಪು ಅಂತ ಮೊದಲೇ ಹೇಳಿದವಳು ಬೂಬಣ್ಣನ ಮಗಳು ತೃಪ್ತಿ. ಅವಳ ಮಾತನ್ನು ನಾವು ಅಳಿಸಿದ್ದೆವು.”

ಹಾಲ್‌ನಲ್ಲಿ ಒಮ್ಮೆಲೇ ಎಲ್ಲರೂ ತುಳುವಿನಲ್ಲಿ ಮಾತಾಡತೊಡಗಿದರು, ನನಗೆ ಅರ್ಧ ಅರ್ಥವಾಯಿತು. ಒಬ್ಬ ತಂಡೇಲರು ನಿನ್ನ ಅಪ್ಪನ ಹೆಗಲ ಮೇಲೆ ಕೈ ಇಟ್ಟದ್ದು ಕಂಡಿತು. ನಿನ್ನ ಅಮ್ಮ ಮಾತ್ರ ಗೋಡೆಯನ್ನೇ ನೋಡುತ್ತಿದ್ದರು. ಕೆಂಪು ಹೋಗುವ ತನಕ ಪಟ್ಟಿ ಶುರು ಮಾಡುವುದು ಬೇಡ ಎಂದು ರೊಸಾರಿಯೊ ಹೇಳಿದರು.

ಹೆರಾಲ್ಡ್ ಸರ್ ಹೊರಗೆ ಕರೆದು, ನಾಳೆಯಿಂದ ಬರುವುದು ಬೇಡ ಎಂದರು. ಕ್ಷಮಾಪಣೆ ಬರೆದುಕೊಟ್ಟರೆ ಯೋಚಿಸಬಹುದು ಎಂದೂ ಸೇರಿಸಿದರು. “ಟೆಸ್ಟಿನ ಪದ ತಿದ್ದಿದ್ದಕ್ಕೆ ಬೇಕಾದರೆ ಬರೆದುಕೊಡುತ್ತೇನೆ ಸರ್, ತೃಪ್ತಿಗೆ. ಇವತ್ತಿನದಕ್ಕೆ ಯಾರಿಗೂ ಬರೆಯುವುದಿಲ್ಲ,” ಎಂದೆ. ನನಗೇ ನನ್ನ ದನಿ ಹೊಸದಾಗಿತ್ತು.

ಶೆಡ್ಡಿಗೆ ಬಂದಾಗ ಅಪ್ಪ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದ. ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ. “ಕಡಲಾಗ ಮಂದಿ ಇದ್ದಾರಂತಿ. ಮತ್ತ ಹೆಂಗ ಸುಮ್ಮನಿರತಿದ್ದಿ? ಛಲೋ ಮಾಡಿದಿ. ಉಣ್ಣು ಬಾ,” ಎಂದ. ಅವ್ವ ಅತ್ತಳು, ಅತ್ತು ಬಡಿಸಿದಳು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಈಗ ಕೆಲಸ. ನನ್ನ ಕೈಗೆ ಕಂಪ್ಯೂಟರ್ ಇಲ್ಲ, ಅದಕ್ಕೇ ಹೊಸ ಈಕ್ವಲ್ಸ್ ಪೆನ್ನಿನಲ್ಲಿ ಬರೆದಿದ್ದೇನೆ. ಹೆಸರೂ ನೋಂದಣಿ ನಂಬರೂ ಎರಡೂ ಸರಿಹೊಂದಿದರೆ ಮಾತ್ರ ಒಂದೇ ಬೋಟು. ಅದರ ಜೊತೆಗೇ ಬದಲಾಗಬೇಕಾದ ಹ್ಯಾಶ್‌ಕೋಡನ್ನೂ ಕೆಳಗೆ ಬರೆದಿದ್ದೇನೆ, ಬಿಡಬೇಡ. ಹೊರಡುವ ಮತ್ತು ಬರುವ ಸ್ಕ್ರೀನುಗಳಿಗೆ ನಂಬರಿನ ಒಂದೊಂದು ಚೌಕ ಸೇರಿಸಿದರೆ ಸದ್ಯಕ್ಕೆ ಸಾಕು. ಚಂದ ಇರುವುದಿಲ್ಲ. ಕೋಡು ಕಂಪ್ಯೂಟರು ಎರಡೂ ಸಂಘದ ಹಾಲ್‌ನಲ್ಲೇ ಇವೆ. ಟೈಪ್ ಮಾಡಿ ಓಡಿಸು. ಕೆಂಪು ಬಂದರೆ ಬರೆದು ಬೈ.

ನಿನ್ನ ಟೀಮ್ ಲೀಡರ್ ಅಲ್ಲದ,
ಅಶ್ವಿನಿ


ಕಾಪು, ಸಂಘದ ಹಾಲ್
೨ ಸೆಪ್ಟೆಂಬರ್ ೨೦೦೫

ಅಶ್ವಿನಿ,

ನಿನ್ನ ಹಾಳೆ ಸಿಕ್ಕಿತು. ಹರಿಯಲಿಲ್ಲ. ಪತ್ರ ಓದುವಾಗ ಬಸ್ಸಿನಲ್ಲಿದ್ದೆ, ಅಳುವುದು ಕಂಡು ಪಕ್ಕದವರು ಯಾರು ಹೋದದ್ದು ಎಂದು ಕೇಳಿದರು. ಯಾರೂ ಹೋಗಲಿಲ್ಲ, ಒಬ್ಬಳು ಬಂದಳು ಎಂದೆ.

ಟೈಪ್ ಮಾಡಿದೆ. ಮೊದಲ ಸಲ ಓಡಿಸಿದಾಗಲೂ ಕೆಂಪೇ ಬಂತು! ನಿನಗೆ ಬೈದು ಬರೆಯಲು ಪೆನ್ನು ಹುಡುಕಿದೆ. ಆಮೇಲೆ ಚುಕ್ಕೆ ಇಟ್ಟು ಸಾಲು ಸಾಲಾಗಿ ನಡೆದು ನೋಡಿದರೆ, ಟೆಸ್ಟಿನಲ್ಲಿ ಎರಡೂ ಬೋಟಿಗೆ ನಾನೇ ಒಂದೇ ನಂಬರ್ ಕೊಟ್ಟಿದ್ದೆ. ಈ ವಿಷಯವನ್ನು ನೀನು ಬದುಕಿರುವ ತನಕ ಹೇಳಿ ಹಂಗಿಸುತ್ತೀಯ ಎಂದು ಗೊತ್ತು. ಬೇರೆ ನಂಬರ್ ಕೊಟ್ಟೆ. ಹಸಿರು. ಒಂದು ಪದ ತಿದ್ದದೆ, ಒಂದು ಸಾಲು ಮುಚ್ಚದೆ ಬಂದ ಹಸಿರು.

ರೊಸಾರಿಯೊ ಅವರು ಅದನ್ನು ನೋಡಿ, ಶುರು ಮಾಡು ಎಂದರು. ಹೆರಾಲ್ಡ್ ಸರ್ ಫೋನ್ ಮಾಡಿದ್ದರು. ಕೋಡು ಕಂಪನಿಯದು, ಕೆಲಸ ಬಿಟ್ಟವರು ಮುಟ್ಟುವ ಹಾಗಿಲ್ಲ, ನಿಲ್ಲಿಸು ಎಂದರು. “ಬಂದು ನಿಲ್ಲಿಸಿ ಸರ್. ಸ್ವಿಚ್ ಗೋಡೆಯ ಹತ್ತಿರ ಉಂಟು, ಅದರ ಕೆಳಗೆ ನಮ್ಮ ಅಮ್ಮ ಕೂತಿದ್ದಾರೆ. ಅವರಿಗೆ ಹೇಳಿ ಆಫ್ ಮಾಡಿ,” ಎಂದೆ. ಇದುವರೆಗೆ ಬಂದಿಲ್ಲ. ಬಂದರೂ ನಾನು ಏಳುವುದಿಲ್ಲ.

ಸಮುದ್ರ ಪೂಜೆ ಮುಗಿದು ಬೋಟುಗಳು ಇಳಿದವು. ಹೊರಡುವ ಪ್ರತಿಯೊಂದನ್ನೂ ಹೆಸರು, ನಂಬರು, ತಂಡೇಲರ ಹೆಸರು ಕೇಳಿ ಬರೆದುಕೊಂಡೆ. ಮಹಾಲಕ್ಷ್ಮಿಗಳಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. “ನನ್ನ ಸ್ವರ ಗೊತ್ತಾಗುವುದಿಲ್ವಾ ನಿನಗೆ?” ಎಂದು ವಯರ್‌ಲೆಸ್‌ನಲ್ಲೇ ಗದರಿಸುತ್ತಿದ್ದರು. ಗೊತ್ತಾಗ್ತದೆ ಅಣ್ಣಾ, ಆದರೂ ನಂಬರ್ ಹೇಳಿ ಎಂದು ಹಟ ಹಿಡಿದೆ. ಅಪ್ಪನ ಹತ್ತಿರವೂ ಹೇಳಿಸಿದೆ.

ನಿನ್ನೆಯಿಂದ ಗಾಳಿ ಎದ್ದಿದೆ. ಎಲ್ಲರೂ ದಡಕ್ಕೆ ಬನ್ನಿ ಎಂದು ಕರೆದಿದ್ದೇವೆ. ಹೆಂಗಸರೆಲ್ಲ ಹಾಲ್‌ಗೆ ಬಂದು ಚಾಪೆ ಹಾಸಿ ಕೂತಿದ್ದಾರೆ. ಇವತ್ತು ಮಧ್ಯಾಹ್ನ ವಯರ್‌ಲೆಸ್ ಕರಕರ ಅಂದು, ಅದರೊಳಗಿನಿಂದ ಯಾರೋ, “ಮಹಾಲಕ್ಷ್ಮಿ ಮಲ್ಪೆಗೆ ಮುಟ್ಟಿತು,” ಎಂದರು. ಸ್ವರ ಯಾರದೆಂದು ಒಬ್ಬರಿಗೂ ತಿಳಿಯಲಿಲ್ಲ. ಆದರೂ ಚಾಪೆಯ ಮೇಲಿದ್ದವರಲ್ಲಿ ಏಳೆಂಟು ಹೆಂಗಸರು ಎದ್ದು ನಿಂತರು, ಅಮ್ಮನೂ. ಒಬ್ಬರು ಆಗಲೇ ಚಪ್ಪಲಿ ಮೆಟ್ಟಿದ್ದರು.

ನಾನು ಮೈಕ್ ಹಿಡಿದು, “ಏರೆನ?” ಎಂದು ಕೇಳಿದೆ. ಯಾರದ್ದು? ಮತ್ತೆ ಕರಕರ. ಮತ್ತೆ ಕೇಳಿದೆ. ನಂಬರ್ ಬಂತು. ಟೈಪ್ ಮಾಡಿದೆ. ಒಂದು ಮಹಾಲಕ್ಷ್ಮಿ ಪಟ್ಟಿಯಿಂದ ಇಳಿಯಿತು. ಉಳಿದವು ಹಾಗೆಯೇ ನಿಂತಿದ್ದವು.

ಅಮ್ಮ ನನ್ನ ಕುರ್ಚಿಯ ಹಿಂದೆ ಬಂದು ನಿಂತಳು. ಪರದೆಯ ಇಂಗ್ಲಿಷ್ ಅವಳಿಗೆ ಓದಲು ಬರುವುದಿಲ್ಲ.

“ಎಂತ ಬರೆದುಂಟು?”

“ಅದು ಶೀನಣ್ಣನದ್ದು ಅಮ್ಮಾ. ಅಪ್ಪಂದು ಬರಲಿಲ್ಲ.”

ಇಷ್ಟು ದಿನ ಜಗಳವಾಡಿ, ಕೆಲಸ ಬಿಟ್ಟು, ನಿನ್ನನ್ನೂ ಕೆಲಸ ಬಿಡಿಸಿ ನಾನು ಬೇಡಿಕೊಂಡದ್ದು ಈ ಒಂದು ಮಾತನ್ನು ಅಮ್ಮನಿಗೆ ಹೇಳುವುದಕ್ಕೇ ಎಂದು ಆಗ ಗೊತ್ತಾಯಿತು. ಅಮ್ಮ ಸ್ವಲ್ಪ ಹೊತ್ತು ಪರದೆ ನೋಡಿದಳು. ನನ್ನ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ ಹೋಗಿ ಚಾಪೆಯ ಮೇಲೆ, ತನ್ನ ಜಾಗದಲ್ಲಿ ಮತ್ತೆ ಕುಳಿತಳು. ಚಪ್ಪಲಿ ಮೆಟ್ಟಿದ್ದವರೂ ಬಿಚ್ಚಿಟ್ಟು ಅವಳ ಪಕ್ಕ ಕುಳಿತರು.

ಅಪ್ಪನ ಸ್ವರ ಬೆಳಿಗ್ಗೆ ಒಮ್ಮೆ ಕೇಳಿತ್ತು, ಆಮೇಲೆ ಇಲ್ಲ. ಪಟ್ಟಿ ನೋಡಿ ರೊಸಾರಿಯೊ ಅವರು ಎರಡು ದೊಡ್ಡ ಬೋಟುಗಳನ್ನು ಹುಡುಕಲು ಉತ್ತರಕ್ಕೆ ಕಳಿಸಿದ್ದಾರೆ. ಅವು ಹೊರಟು ಬಹಳ ಹೊತ್ತಾಗಿಲ್ಲ.

ಈ ಪತ್ರವನ್ನು ಮಣಿಪಾಲದ ಬಸ್ಸಿನ ಕಂಡಕ್ಟರ್ ಸಿರಿಲ್ ಕೈಯಲ್ಲಿ ಕಳಿಸುತ್ತಿದ್ದೇನೆ, ಅಂಚೆಗೆ ಕಾಯಲು ಆಗುವುದಿಲ್ಲ. ಮೈಕಿನ ಹತ್ತಿರ ಒಬ್ಬರು, ಕೀಬೋರ್ಡಿನ ಹತ್ತಿರ ಒಬ್ಬರು ಬೇಕು. ಸಿಕ್ಕಿದ ಬಸ್ಸಿಗೆ ಬಾ.

ಅಪ್ಪ ಇನ್ನೂ ಬಂದಿಲ್ಲ, ಅಶ್ವಿನಿ. ಪಟ್ಟಿ ಸರಿಯಾಗಿದೆ.

ನಿನ್ನ,
ತೃಪ್ತಿ